ತುಡುವೆ ಜೇನಿನ ರಾಣಿ ಬೆಳೆಸೋದು: ಗ್ರಾಫ್ಟಿಂಗ್ ಬೇಕಾ, ಕುಟುಂಬ ಪಾಲು ಮಾಡಿದ್ರೆ ಸಾಕಾ?

ಮೂಡಿಗೆರೆ_ಹಿತ್ತಲು
ನಾಲ್ಕು ನ್ಯೂಟನ್ ಪೆಟ್ಟಿಗೆ (ಜೇನು ಸಾಕೋ ಪೆಟ್ಟಿಗೆ) ಇವೆ, ಎಲ್ಲಾ ತುಡುವೆ (ನಮ್ಮ ನಾಡಿನ ಜೇನು). ಒಂದು ಕುಟುಂಬ ತುಂಬಾ ಸಾಧು, ಸಂಸಾರ ಕೋಣೆಯ (ಮೊಟ್ಟೆ, ಮರಿ ಇರೋ ಕೆಳಗಿನ ಕೋಣೆ) ಏಳೂ ಎರಿ (ಮೇಣದ ಹಟ್ಟು) ತುಂಬಿದೆ. ಸುತ್ತಮುತ್ತ ಥಾಯ್ ಸ್ಯಾಕ್‌ಬ್ರೂಡ್ (ಮರಿಗಳನ್ನು ಸಾಯಿಸೋ ವೈರಸ್ ರೋಗ) ಬಂದಾಗಲೂ ಇದಕ್ಕೆ ತಾಗಲಿಲ್ಲ. ಉಳಿದ ಮೂರಕ್ಕೂ ಇದರ ತಳಿಯ ರಾಣಿಯನ್ನೇ ಕೊಡಬೇಕು ಅಂತಿದೆ. ಗ್ರಾಫ್ಟಿಂಗ್ (ಎಳೆ ಮರಿಯನ್ನು ಮೇಣದ ಬಟ್ಟಲಿಗೆ ಎತ್ತಿಟ್ಟು ರಾಣಿ ಬೆಳೆಸೋದು) ಮಾಡಲೇಬೇಕಾ? ಯಾವ ತಿಂಗಳು ಶುರು ಮಾಡೋದು?

ಬೇಲೂರು_ಜೇನು
ತಿಂಗಳು ನೋಡಬೇಡಿ, ಗಂಡು ನೊಣ ನೋಡಿ, ಹೊಸ ರಾಣಿ ಕೂಡೋಕೆ ಅದು ಬೇಕು. ತುಡುವೆಯ ಗಂಡು ಕೋಶದ ಮುಚ್ಚಳ ಉಬ್ಬಿರುತ್ತೆ, ನಟ್ಟನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತು ಇರುತ್ತೆ. ಗಂಡು ಹೊರಬಂದ ಮೇಲೆ ಬಲಿಯೋಕೆ ಹತ್ತು ಹನ್ನೆರಡು ದಿನ ಬೇಕು. ಎರಿ ಮೇಲೆ ಗಂಡು ನೊಣ ಓಡಾಡ್ತಾ ಇದ್ರೆ ಅವತ್ತೇ ಶುರು ಮಾಡಬಹುದು. ಕಾಫಿ ಜೇನು ಬೇಕಿದ್ರೆ ಹೂ ಮುಗಿಯೋ ತನಕ ಕುಟುಂಬ ಒಡೆಯಬೇಡಿ. ಆದ್ರೆ ಹೂ ಮುಗಿದ ಮೇಲೆ ಒಂದು ವಾರವೂ ತಡ ಮಾಡಬೇಡಿ. ಹೊಸ ರಾಣಿ ಮೊಟ್ಟೆ ಇಡೋಕೆ ಮೂರೂವರೆ ವಾರ ಹೋಗುತ್ತೆ, ಅಷ್ಟರಲ್ಲಿ ಮುಂಗಾರು ಹತ್ತಿರ ಬಂದಿರುತ್ತೆ.

ಸಕಲೇಶಪುರ_ಎರಿ
ನಾಲ್ಕು ಪೆಟ್ಟಿಗೆಗೆ ಗ್ರಾಫ್ಟಿಂಗ್ ಬೇಕಿಲ್ಲ ಸರ್. ಒಳ್ಳೆಯ ಕುಟುಂಬದ ರಾಣಿಯನ್ನು ಹುಡುಕಿ, ನೊಣ ಸಮೇತ ಎರಡು ಎರಿಯ ಜೊತೆ ಖಾಲಿ ಪೆಟ್ಟಿಗೆಗೆ ಹಾಕಿ ದೂರ ಇಡಿ. ಮೇವಿಗೆ ಹೋಗುವ ನೊಣಗಳು ಹಳೆಯ ಜಾಗಕ್ಕೇ ವಾಪಸ್ ಹೋಗುವುದರಿಂದ ಆ ಪೆಟ್ಟಿಗೆಗೆ ಸಕ್ಕರೆ ಪಾಕ ಬೇಕೇ ಬೇಕು. ಉಳಿದ ಐದು ಎರಿ ಹಳೆಯ ಜಾಗದಲ್ಲೇ ಇರಲಿ, ಅದರಲ್ಲಿ ಹೊಸ ಮೊಟ್ಟೆ ಮತ್ತು ಎಳೆ ಮರಿ ಇರಲೇಬೇಕು. ರಾಣಿ ಇಲ್ಲವೆಂದು ತಿಳಿದ ತಕ್ಷಣ ಅವು ರಾಣಿ ಕೋಶ ಕಟ್ಟುತ್ತವೆ.

ಎಲ್ಲರೂ ಬಿಟ್ಟುಬಿಡುವ ಕೆಲಸವೆಂದರೆ ಮೂರನೇ ದಿನದ ತಪಾಸಣೆ. ಅಷ್ಟು ಬೇಗ ಮುಚ್ಚಿದ ಕೋಶವಿದ್ದರೆ ಕಿತ್ತುಹಾಕಿ. ಎರಡು ದಿನ ದಾಟಿದ ಮರಿಯಿಂದ ಮಾಡಿದ್ದು ಅದು. ಸಾಕಷ್ಟು ರಾಯಲ್ ಜೆಲ್ಲಿ (ರಾಣಿ ಮರಿಯ ಆಹಾರ) ಸಿಗದೆ ಸಣ್ಣ ರಾಣಿ ಬರುತ್ತದೆ, ಅದೇ ಮೊದಲು ಹೊರಬಂದು ಒಳ್ಳೆಯ ಕೋಶಗಳನ್ನೆಲ್ಲ ಕಚ್ಚಿ ಹಾಳುಮಾಡುತ್ತದೆ.

ಒಂಬತ್ತನೇ ದಿನ ಉದ್ದವಾದ, ದಪ್ಪನೆಯ ಕೋಶಗಳನ್ನು ಸುತ್ತ ಎರಡು ಸೆಂಟಿಮೀಟರ್ ಎರಿ ಸಮೇತ ಕೊಯ್ಯಿರಿ. ಮಗುಚಬೇಡಿ, ಅಲುಗಿಸಬೇಡಿ, ತುದಿ ಕೆಳಮುಖವಾಗಿಯೇ ಇರಲಿ. ಉಳಿದ ಮೂರು ಪೆಟ್ಟಿಗೆಯ ರಾಣಿಯನ್ನು ಹಿಂದಿನ ದಿನವೇ ತೆಗೆದಿರಬೇಕು. ಕೋಶದ ಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ತುದಿ ಮಾತ್ರ ಬಿಡಿ. ನೊಣಗಳು ಬೇಡದ ಕೋಶವನ್ನು ಬದಿಯಿಂದಲೇ ಒಡೆಯುತ್ತವೆ. ಮರಿ ಇರುವ ಎರಿಯ ಮಧ್ಯಕ್ಕೆ ಒತ್ತಿ ಅಂಟಿಸಿ. ಐದಾರು ದಿನ ಬಿಟ್ಟು ಒಮ್ಮೆ ನೋಡಿ, ಅವು ತಾವೇ ಕಟ್ಟಿಕೊಂಡ ಕೋಶಗಳಿದ್ದರೆ ತೆಗೆಯಿರಿ. ಹಳೆಯ ಜಾಗದಲ್ಲಿರುವ ತಾಯಿ ಪೆಟ್ಟಿಗೆಯಲ್ಲೂ ಒಂದೇ ಕೋಶ ಉಳಿಸಿ. ತುಡುವೆಯಲ್ಲಿ ಮೂರು ನಾಲ್ಕು ಬಿಟ್ಟರೆ ಮತ್ತೆ ಮತ್ತೆ ಪಾಲಾಗಿ ಕೊನೆಗೆ ಹಿಡಿಯಷ್ಟು ನೊಣ ಉಳಿಯುತ್ತವೆ.

ಕೊಪ್ಪ_ತುಡುವೆ
ಮುಂದೆ ಹತ್ತಿಪ್ಪತ್ತು ರಾಣಿ ಬೇಕಾದಾಗ ಗ್ರಾಫ್ಟಿಂಗ್ ಕಲಿಯಿರಿ. ತುಡುವೆಗೆ ಮೇಣದ ಬಟ್ಟಲು ಒಳಗೆ ಸುಮಾರು ಏಳು ಮಿಲಿಮೀಟರ್ ಸಾಕು. ಮೆಲ್ಲಿಫೆರಾಕ್ಕೆ (ಯುರೋಪಿನ ಜೇನು) ಬರುವ ಪ್ಲಾಸ್ಟಿಕ್ ಬಟ್ಟಲು ಇದಕ್ಕೆ ದೊಡ್ಡದಾಯಿತು. ತುದಿ ನಯವಾದ ಕಡ್ಡಿಯನ್ನು ನೀರಲ್ಲಿ ನೆನೆಸಿ, ಕರಗಿದ ತುಡುವೆ ಮೇಣದಲ್ಲಿ ಮೂರ್ನಾಲ್ಕು ಸಲ ಅದ್ದಿ ತೆಗೆದರೆ ಬಟ್ಟಲು ತಯಾರು. ಮರಿ ಹುಟ್ಟಿ 24 ಗಂಟೆ ಮೀರಿರಬಾರದು, ಮೊಟ್ಟೆಗಿಂತ ಸ್ವಲ್ಪವೇ ದೊಡ್ಡದಿರುತ್ತೆ. ಬೆನ್ನ ಕಡೆಯಿಂದ ಜೆಲ್ಲಿ ಸಮೇತ ಎತ್ತಿ. ಹೊರಳಿಸಿದರೆ ಉಸಿರಾಡಲಾಗದೆ ಸಾಯುತ್ತೆ. ಬಿಸಿಲು, ಒಣಗಾಳಿ ಆಗದು. ಒದ್ದೆ ಬಟ್ಟೆ ಮುಚ್ಚಿಕೊಂಡೇ ಕೆಲಸ ಮಾಡಿ. ತುಡುವೆ ಮೆಲ್ಲಿಫೆರಾದಷ್ಟು ಕೋಶ ಒಪ್ಪಲ್ಲ, ಬಟ್ಟಲು ಅಂಟಿಸುವ ಒಂದು ಪಟ್ಟಿಗೆ ಎಂಟು ಹತ್ತು ಬಟ್ಟಲಿಗಿಂತ ಹೆಚ್ಚು ಕೊಡಬೇಡಿ.

ಮೂಡಿಗೆರೆ_ಹಿತ್ತಲು
ತುಂಬಾ ಧನ್ಯವಾದ ಸರ್. ಪಾಲು ಮಾಡೋ ದಾರಿಯೇ ಹಿಡೀತೀನಿ. ರಾಣಿ ಗಂಡಿನ ಜೊತೆ ಕೂಡಿ ಬಂದಿದೆ ಅಂತ ಯಾವಾಗ ಗೊತ್ತಾಗುತ್ತೆ? ಮೊಟ್ಟೆ ಕಾಣದಿದ್ರೆ?

ಸಕಲೇಶಪುರ_ಎರಿ
ಕೋಶದಿಂದ ಹೊರಬಂದ ಐದಾರು ದಿನಕ್ಕೆ, ಬಿಸಿಲಿದ್ದರೆ, ಮಧ್ಯಾಹ್ನದ ಮೇಲೆ ಹಾರುತ್ತದೆ. ಆ ಹೊತ್ತಲ್ಲಿ ಪೆಟ್ಟಿಗೆ ತೆರೆಯಲೇಬೇಡಿ. ರಾಣಿ ಗೇಟ್ (ರಾಣಿ ಹೊರಹೋಗದಂತೆ ಬಾಗಿಲಿಗೆ ಹಾಕುವ ತಡೆ) ಹಾಕಿದ್ದರೆ ತೆಗೆದಿಡಿ. ಪೆಟ್ಟಿಗೆಗಳು ಸಾಲಾಗಿ ಒಂದೇ ಬಣ್ಣದಲ್ಲಿದ್ದರೆ ವಾಪಸ್ ಬರುವಾಗ ಬೇರೆ ಬಾಗಿಲಿಗೆ ಹೋಗಿ ಸಾಯುತ್ತದೆ. ಮುಖ ಬೇರೆ ಬೇರೆ ದಿಕ್ಕಿಗೆ ತಿರುಗಿಸಿಡಿ. ಕೋಶ ಕೊಟ್ಟು ಹದಿನೈದು ಹದಿನಾರು ದಿನದ ಹೊತ್ತಿಗೆ ಬೆಳಿಗ್ಗೆ ನೋಡಿ. ಕೋಶಕ್ಕೊಂದರಂತೆ ತಳದ ಮಧ್ಯದಲ್ಲಿ ಮೊಟ್ಟೆ ಇದ್ದರೆ ಗೆದ್ದಿರಿ.

ಏನೂ ಇಲ್ಲದಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ, ಎಳೆ ಮರಿ ಇರುವ ಎರಿ ಕೊಡಿ. ಎರಡು ಮೂರು ದಿನದಲ್ಲಿ ಅದರ ಮೇಲೆ ರಾಣಿ ಕೋಶ ಕಟ್ಟಿದರೆ ರಾಣಿ ಇಲ್ಲ ಎಂದೇ ಅರ್ಥ. ಒಂದೇ ಕೋಶದಲ್ಲಿ ನಾಲ್ಕೈದು ಮೊಟ್ಟೆ, ಅದೂ ಗೋಡೆಗೆ ಅಂಟಿದ್ದರೆ ಕೆಲಸಗಾರ ನೊಣವೇ ಇಡುತ್ತಿದೆ. ತುಡುವೆಯಲ್ಲಿ ಇದು ಮೆಲ್ಲಿಫೆರಾಕ್ಕಿಂತ ಬೇಗ ಶುರುವಾಗುತ್ತದೆ. ಆಗ ಹೊಸ ರಾಣಿ ಕೊಡಲು ಹೋಗಬೇಡಿ, ಕೊಂದೇಬಿಡುತ್ತವೆ. ಬಲವಾದ ಕುಟುಂಬದ ಮೇಲೆ ತೂತು ಮಾಡಿದ ಪೇಪರ್ ಹಾಸಿ, ಈ ಪೆಟ್ಟಿಗೆಯನ್ನು ಅದರ ಮೇಲಿಟ್ಟು ಒಂದು ಮಾಡಿಬಿಡಿ.