ಬೂಷ್ಟಿನ ಜೀನೋಮ್‌ನಲ್ಲಿ ಔಷಧದ ಹುಡುಕಾಟ: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ಇಂದಿನ ಅತಿಥಿ ಶಿಲೀಂಧ್ರಗಳ ಜೀನೋಮ್ (ಅಂದರೆ ಅವುಗಳ ಇಡೀ ಡಿಎನ್‌ಎ) ಓದಿ, ಅವು ಯಾವ ರಾಸಾಯನಿಕ ತಯಾರಿಸಬಲ್ಲವು ಎಂದು ಹುಡುಕುವ ವಿಜ್ಞಾನಿ. ಚಿಕಿತ್ಸೆಯ ಸಲಹೆ ಕೇಳಬೇಡಿ, ಫಾರ್ವರ್ಡ್ ಹಾಕಬೇಡಿ.

ನಿವೃತ್ತ ಮೇಷ್ಟರು: ನಮಸ್ಕಾರ ಮೇಡಂ. ಫ್ಲೆಮಿಂಗ್ 1928ರಲ್ಲಿ ತಟ್ಟೆಯ ಮೇಲಿನ ಬೂಷ್ಟು ನೋಡಿ ಪೆನಿಸಿಲಿನ್ ಕಂಡುಹಿಡಿದ ಎಂದು ನಾವು ಪಾಠ ಮಾಡುತ್ತಿದ್ದೆವು. ಬೂಷ್ಟನ್ನು ಬೆಳೆಸದೆಯೇ ಅದರಲ್ಲಿ ಏನಿದೆ ಎಂದು ಹೇಗೆ ಹೇಳುತ್ತೀರಿ?

ತಜ್ಞೆ: ನಮಸ್ಕಾರ ಸರ್. ಒಂದು ರಾಸಾಯನಿಕಕ್ಕೆ ಬೇಕಾದ ಜೀನ್‌ಗಳನ್ನು ಶಿಲೀಂಧ್ರಗಳು ಸಾಮಾನ್ಯವಾಗಿ ವರ್ಣತಂತುವಿನ ಒಂದೇ ಕಡೆ ಗೊಂಚಲಾಗಿ ಇಟ್ಟುಕೊಂಡಿರುತ್ತವೆ. ಪೆನಿಸಿಲಿನ್‌ಗೆ ಮುಖ್ಯವಾದವು ಮೂರು ಜೀನ್; ಅಫ್ಲಟಾಕ್ಸಿನ್ ಎಂಬ ವಿಷಕ್ಕೆ ಸುಮಾರು ಇಪ್ಪತ್ತೈದು. ಗೊಂಚಲಿನಲ್ಲಿ ಅಣುವಿನ ಚೌಕಟ್ಟು ಕಟ್ಟುವ ದೊಡ್ಡ ಕಿಣ್ವವೊಂದರ ಜೀನ್ ಇರುತ್ತದೆ. ಅದರ ಗುರುತು ಸಿಕ್ಕರೆ ಅಕ್ಕಪಕ್ಕದವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಈ ಕೆಲಸಕ್ಕೆ 2011ರಿಂದ ಆಂಟಿಸ್ಮ್ಯಾಷ್ ಎಂಬ ತಂತ್ರಾಂಶವಿದೆ. ಆದರೆ ಗೊಂಚಲು ಇದ್ದ ಮಾತ್ರಕ್ಕೆ ರಾಸಾಯನಿಕ ತಯಾರಾಗುವುದಿಲ್ಲ. ಬಹಳಷ್ಟು ಗೊಂಚಲುಗಳು ಪ್ರಯೋಗಾಲಯದಲ್ಲಿ ಸುಮ್ಮನೆ ಬಿದ್ದಿರುತ್ತವೆ. ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟಿನ ಅಂಥದೊಂದು ಗೊಂಚಲು ಎಚ್ಚರಗೊಂಡದ್ದು ಮಣ್ಣಿನ ಬ್ಯಾಕ್ಟೀರಿಯವೊಂದನ್ನು ಅದರ ಜೊತೆಗೆ ಬೆಳೆಸಿದಾಗ. 2009ರಲ್ಲಿ ಅದು ಪ್ರಕಟವಾಯಿತು.

ಮನೆಮದ್ದು ಪ್ರಿಯೆ: ಹಾಗಾದರೆ ಬೂಷ್ಟು ಹಿಡಿದ ಬ್ರೆಡ್ಡನ್ನು ಗಾಯಕ್ಕೆ ಕಟ್ಟಿದರೆ ವಾಸಿಯಾಗುತ್ತದೆ ಎಂದು ಬಂದಿರುವ ಸಂದೇಶ ನಿಜವೇ?

ತಜ್ಞೆ: ಕಟ್ಟಬೇಡಿ. ಹಸಿರಾಗಿ ಕಂಡದ್ದೆಲ್ಲ ಪೆನಿಸಿಲಿನ್ ಕೊಡುವುದಿಲ್ಲ. ಪೆನಿಸಿಲಿಯಂ ಕುಲದಲ್ಲೇ ಸಿಟ್ರಿನಿನ್ ತಯಾರಿಸುವ ಪ್ರಭೇದವಿದೆ. ಅದು ಮೂತ್ರಪಿಂಡಕ್ಕೆ ವಿಷ. ತೆರೆದ ಗಾಯಕ್ಕೆ ವೈದ್ಯರಿದ್ದಾರೆ.

ಶಿರಸಿ ಕಡೆಯ ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ದುರ್ವಾಸನೆ ಮರದ ತೊಗಟೆಯೊಳಗೆ ವಾಸಿಸುವ ಶಿಲೀಂಧ್ರವೊಂದನ್ನು ಬೇರ್ಪಡಿಸಿದೆ. ಮೊದಲ ತಟ್ಟೆಯಲ್ಲಿ ಆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಕಂಡಿತು. ತಟ್ಟೆಯಿಂದ ತಟ್ಟೆಗೆ ದಾಟಿಸಿದಂತೆ ಕಡಿಮೆಯಾಗುತ್ತ ಬಂದು ಐದನೆಯದರಲ್ಲಿ ಏನೂ ಉಳಿಯಲಿಲ್ಲ. ಜೀನೋಮ್ ಓದಿಸಿದೆವು, ಆಂಟಿಸ್ಮ್ಯಾಷ್ 43 ಗೊಂಚಲು ತೋರಿಸಿದೆ. ಅವುಗಳಲ್ಲಿ ಒಂದು ಇದರದ್ದೇ ಎಂದು ಗೈಡ್ ಹೇಳುತ್ತಾರೆ. ಪ್ರಬಂಧ ಬರೆಯಬಹುದೇ?

ತಜ್ಞೆ: ಸದ್ಯಕ್ಕೆ ಬೇಡ. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಕ್ಯಾಂಪ್ಟೊಥೆಸಿನ್ ಸಣ್ಣ ಸರಕಲ್ಲ. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಗಳು ಅದರಿಂದಲೇ ಹುಟ್ಟಿದವು. ಅದಕ್ಕಾಗಿ ಪಶ್ಚಿಮ ಘಟ್ಟದ ಈ ಮರಗಳನ್ನು ಕಡಿದು ಸಾಗಿಸಿದ್ದೂ ನಿಮಗೆ ಗೊತ್ತು. ಬೂಷ್ಟೇ ತಯಾರಿಸಿಕೊಟ್ಟರೆ ಮರ ಉಳಿಯುತ್ತದೆ. ಆಸೆ ಸಹಜ, ಆದ್ದರಿಂದಲೇ ಎಚ್ಚರ ಬೇಕು.

ಮೊದಲು ಆ 43ನ್ನು ಮರೆತುಬಿಡಿ. ಆಂಟಿಸ್ಮ್ಯಾಷ್ ತನಗೆ ಗೊತ್ತಿರುವ ಚೌಕಟ್ಟಿನ ಕಿಣ್ವಗಳನ್ನಷ್ಟೇ ಹುಡುಕುತ್ತದೆ. ಗಿಡದಲ್ಲಿ ಈ ಅಣುವಿನ ದಾರಿಯೇ ಬೇರೆ. ಟ್ರಿಪ್ಟಮೈನ್ ಎಂಬ ಅಣು ಒಂದು ಕಡೆಯಿಂದ, ಸೆಕೊಲೊಗಾನಿನ್ ಎಂಬ ಅಣು ಅಥವಾ ಅದರ ಆಮ್ಲ ಇನ್ನೊಂದು ಕಡೆಯಿಂದ ಬಂದು ಕೂಡಬೇಕು. ಆ ಕೂಡಿಕೆಗೆ ಸ್ಟ್ರಿಕ್ಟೊಸಿಡಿನ್ ಸಿಂಥೇಸ್‌ನಂಥ ಕಿಣ್ವ ಬೇಕು. ಅದನ್ನು ನೀವೇ ನಿಮ್ಮ ಪ್ರೋಟೀನ್ ಪಟ್ಟಿಯಲ್ಲಿ ಹುಡುಕಬೇಕು. ಸಿಕ್ಕರೂ ಕುಣಿಯಬೇಡಿ. ಆ ಹೆಸರಿನ ಚೀಟಿ ಅಂಟಿಸಿಕೊಂಡ ಪ್ರೋಟೀನ್‌ಗಳು ಕೀಟಗಳಲ್ಲೂ ಇವೆ, ಅವು ಕ್ಯಾಂಪ್ಟೊಥೆಸಿನ್‌ನಂಥ ಆಲ್ಕಲಾಯ್ಡ್ ತಯಾರಿಸುವುದಿಲ್ಲ.

ಎರಡನೆಯದು, ಆ ಇಳಿಕೆ. ತೊಗಟೆಯಿಂದ ಅಂಟಿಕೊಂಡು ಬಂದ ಕ್ಯಾಂಪ್ಟೊಥೆಸಿನ್ ತಟ್ಟೆಯಿಂದ ತಟ್ಟೆಗೆ ತೆಳುವಾಗುತ್ತ ಹೋದರೂ ನಿಮಗೆ ಕಾಣುವುದು ಇದೇ ಚಿತ್ರ. ಗಿಡದ ಸಹವಾಸ ತಪ್ಪಿ ಜೀನ್‌ಗಳು ಮೌನವಾದರೂ ಇದೇ ಚಿತ್ರ. ಹೀಗಾಗಿ ಶುದ್ಧ ಬೆಳೆಗೆ ಭಾರದ ಇಂಗಾಲದ ಗುರುತು ಹಾಕಿದ, ಟ್ರಿಪ್ಟಮೈನ್‌ಗೆ ಮೂಲವಾದ ಟ್ರಿಪ್ಟೊಫಾನ್ ಉಣಿಸಿ. ಆ ಗುರುತು ಕ್ಯಾಂಪ್ಟೊಥೆಸಿನ್‌ನಲ್ಲಿ ಬಂದರೆ ಮಾತನಾಡೋಣ. ಶಿಲೀಂಧ್ರವು ಗಿಡದ ಕಿಣ್ವವನ್ನು ಎರವಲು ಪಡೆಯುತ್ತದೆ ಎಂಬ ವಾದವೂ ಪ್ರಕಟವಾಗಿದೆ. ಆದರೆ ನಿಮ್ಮ ತಟ್ಟೆಯಲ್ಲಿ ಗಿಡ ಎಲ್ಲಿದೆ?

ಯೂ ಮರದ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್‌ನ ಕತೆಯನ್ನು ನಿಮ್ಮ ಗೈಡ್‌ಗೆ ನೆನಪಿಸಿ. ಯೂ ಮರದೊಳಗಿನ ಶಿಲೀಂಧ್ರ ಟ್ಯಾಕ್ಸಾಲ್ ತಯಾರಿಸುತ್ತದೆ ಎಂದು 1993ರಲ್ಲಿ ಪ್ರಕಟವಾಯಿತು. ಜಗತ್ತೆಲ್ಲ ಅದರ ಬೆನ್ನು ಹತ್ತಿತು. 2013ರಲ್ಲಿ ಅದೇ ಶಿಲೀಂಧ್ರದ ಜೀನೋಮ್ ಓದಿದವರಿಗೆ ಮರದ ಟ್ಯಾಕ್ಸಾಲ್ ಜೀನ್‌ಗಳನ್ನು ಹೋಲುವಂಥದ್ದೇನೂ ಸಿಗಲಿಲ್ಲ.

ಒಂದು ಪ್ರಶ್ನೆ: ಜೀನೋಮ್‌ಗೆ ಡಿಎನ್‌ಎ ತೆಗೆದದ್ದು ಯಾವ ತಟ್ಟೆಯಿಂದ?

ಆರೋಗ್ಯ ಸಂಪದ: ಹಿಮಾಲಯದ ಕೀಡಾಜಡಿ ಶಿಲೀಂಧ್ರದಲ್ಲಿ ಕಾರ್ಡಿಸೆಪಿನ್ ಎಂಬ ರಾಸಾಯನಿಕ ಇದೆ, ಕ್ಯಾನ್ಸರ್ ಬುಡಸಮೇತ ಹೋಗುತ್ತದೆ. ಎಲ್ಲರಿಗೂ ಹಂಚಿ.

ತಜ್ಞೆ: ಹಂಚಬೇಡಿ. ಕಾರ್ಡಿಸೆಪಿನ್ ತಯಾರಿಸುವ ಗೊಂಚಲು ಸಿಕ್ಕಿದ್ದು ಕಾರ್ಡಿಸೆಪ್ಸ್ ಮಿಲಿಟರಿಸ್ ಎಂಬ ಬೇರೆ ಶಿಲೀಂಧ್ರದಲ್ಲಿ. ಹಿಮಾಲಯದ್ದರಲ್ಲಿ ಆ ಗೊಂಚಲೇ ಇಲ್ಲ. 2017ರಲ್ಲೇ ಹುಡುಕಿ ನೋಡಿದ್ದಾರೆ. ಇದನ್ನು ನಂಬಿ ಯಾರಾದರೂ ಚಿಕಿತ್ಸೆ ನಿಲ್ಲಿಸಿದರೆ ಹೊಣೆ ಯಾರು?

ಅಣಬೆ ಆಸಕ್ತ: ಚಿಪ್ಪಣಬೆ ಬೀಜ ಎಲ್ಲಿ ಸಿಗುತ್ತದೆ?

ಚಳ್ಳಕೆರೆ ಶೇಂಗಾ ಬೆಳೆಗಾರ: ಮೇಡಂ, ಕಿತ್ತ ಶೇಂಗಾ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿದೆ. ಗಾಣಕ್ಕೆ ಕೊಡಬಹುದೇ?

ಗಾಣದ ಮನೆ: ಧಾರಾಳವಾಗಿ ಕೊಡಿ ಅಣ್ಣ. ಅಜ್ಜನ ಕಾಲದಿಂದ ಆಡಿಸುತ್ತಿದ್ದೇವೆ, ಯಾರೂ ಸತ್ತಿಲ್ಲ.

ಡಲ್ಲಾಸ್ ಕನ್ನಡಿಗ: ಅದಕ್ಕೇ ರಿಫೈನ್ಡ್ ಎಣ್ಣೆ ತಿನ್ನಬೇಕು ಎನ್ನುವುದು. ನಿಮ್ಮ ಗಾಣದಲ್ಲಿ ಏನು ಪರೀಕ್ಷೆ ಇದೆ?

ಗಾಣದ ಮನೆ: ದೂರದಲ್ಲಿ ಕುಳಿತು ನಮಗೆ ಎಣ್ಣೆ ಪಾಠ ಹೇಳಬೇಡಿ ಸ್ವಾಮಿ. ನಿಮ್ಮ ಎಣ್ಣೆಯಲ್ಲಿ ಏನೇನು ಸುರಿಯುತ್ತಾರೋ ದೇವರಿಗೇ ಗೊತ್ತು.

ಡಲ್ಲಾಸ್ ಕನ್ನಡಿಗ: ದೇವರಲ್ಲ, ಪ್ರಯೋಗಾಲಯಕ್ಕೆ ಗೊತ್ತು.

ಮನೆಮದ್ದು ಪ್ರಿಯೆ: ಎಣ್ಣೆಗೆ ಎರಡು ಹರಳು ಉಪ್ಪು ಹಾಕಿ ಕಾಯಿಸಿದರೆ ವಿಷ ಹೋಗುತ್ತದಂತೆ.

ತಜ್ಞೆ: ಹೋಗುವುದಿಲ್ಲ. ಶೇಂಗಾ ಬೂಷ್ಟಿನ ವಿಷವೆಂದರೆ ಮೇಲೆ ಹೇಳಿದ ಅಫ್ಲಟಾಕ್ಸಿನ್, ಅಡುಗೆಯ ಬಿಸಿಗೆ ಅದು ಪೂರ್ತಿ ನಾಶವಾಗದು. ಬೆಳೆಗಾರರೇ, ಬೂಷ್ಟು ಕಾಯಿಯನ್ನು ಗಾಣಕ್ಕೆ ಕೊಡಬೇಡಿ. ಕ್ಷಾರ ಹಾಕಿ ಶುದ್ಧೀಕರಿಸಿದ ಎಣ್ಣೆಯಲ್ಲಿ ವಿಷ ಬಹುಪಾಲು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಇದರಲ್ಲಿ ಅಜ್ಜನ ಪ್ರಶ್ನೆಯೂ ಇಲ್ಲ, ಅಮೆರಿಕದ ಪ್ರಶ್ನೆಯೂ ಇಲ್ಲ. ನೀವಿಬ್ಬರೂ ಮರೆತದ್ದು ಹಿಂಡಿಯನ್ನು. ಹೆಚ್ಚಿನ ವಿಷ ಉಳಿಯುವುದು ಅಲ್ಲಿ. ಹಸು ಅದನ್ನು ತಿಂದರೆ ಹಾಲಿಗೂ ಬರುತ್ತದೆ.

ಚಳ್ಳಕೆರೆ ಶೇಂಗಾ ಬೆಳೆಗಾರ: ಹೊಲದಲ್ಲೇ ತಡೆಯಲು ಬೇರೆ ಬೂಷ್ಟು ಬಿಡುತ್ತಾರಂತೆ, ಹೌದೇ?

ತಜ್ಞೆ: ಹೌದು, ಒಳ್ಳೆಯ ಪ್ರಶ್ನೆ. ಅಫ್ಲಟಾಕ್ಸಿನ್ ತಯಾರಿಸುವ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್; ಅಮೆರಿಕದಲ್ಲಿ ಅದರ ವಿಷ ತಯಾರಿಸಲಾರದ ತಳಿಗಳನ್ನು ಹೊಲಕ್ಕೆ ಬಿಡುತ್ತಾರೆ. ಅವು ವಿಷದ ತಳಿಗಳ ಜಾಗ ಆಕ್ರಮಿಸುತ್ತವೆ. ಒಂದು ತಳಿಯಲ್ಲಿ ಗೊಂಚಲಿನ ಮುಖ್ಯ ಜೀನ್ ಒಂದೇ ಅಕ್ಷರದ ವ್ಯತ್ಯಾಸದಿಂದ ಕೆಟ್ಟಿದೆ. ಇನ್ನೊಂದರಲ್ಲಿ ಇಡೀ ಗೊಂಚಲೇ ಇಲ್ಲ. ಜೀನೋಮ್ ನೋಡದೆ ಯಾವ ತಳಿ ಸುರಕ್ಷಿತ ಎಂದು ಹೇಳಲಾಗದು. ಯಾರೋ ಮಾರುವ ಪುಡಿ ತಂದು ಎರಚಬೇಡಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಸದ್ಯಕ್ಕೆ ಉಳಿದ ಕಾಯಿಯನ್ನು ಚೆನ್ನಾಗಿ ಒಣಗಿಸಿ, ಕಪ್ಪಾದದ್ದು, ಮುರುಟಿದ್ದು ಆರಿಸಿ ತೆಗೆಯಿರಿ.

ಹೊಸ ಸದಸ್ಯ: ಬ್ರೆಡ್ ಬೂಷ್ಟಿನಿಂದ ಗಾಯ ವಾಸಿಯಾಗುತ್ತದೆಯೇ?

ತಜ್ಞೆ: ಮೇಲೆ ಓದಿ.

ಗಾಣದ ಮನೆ: ಮೇಡಂ ಯಾವ ಕಂಪನಿ ಎಣ್ಣೆಯ ಪರವೋ.

ನಿರ್ವಾಹಕ: ಗಾಣದ ಮನೆಯವರೇ, ಇನ್ನೊಂದು ಇಂಥ ಮಾತು ಬಂದರೆ ಹೊರಗೆ ಹಾಕುತ್ತೇನೆ.

ಶಿರಸಿ ಕಡೆಯ ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಈಗಲೇ ಹುಡುಕಿದೆ. ಜೀನೋಮ್‌ನ ಒಂದು ತುಣುಕಿನಲ್ಲಿ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಸಿಕ್ಕಿತು! ಗಿಡದ ಜೀನ್‌ಗೆ ತುಂಬಾ ಹತ್ತಿರವಿದೆ.

ತಜ್ಞೆ: ಅದೇ ತುಣುಕಿನಲ್ಲಿ ಪಕ್ಕದ ಜೀನ್ ಯಾವುದು? ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ.

ಶಿರಸಿ ಕಡೆಯ ಸಂಶೋಧನಾ ವಿದ್ಯಾರ್ಥಿನಿ: ಪಕ್ಕದಲ್ಲಿ ಕ್ಲೋರೊಫಿಲ್ ಹಿಡಿದಿಡುವ ಪ್ರೋಟೀನಿನ ಜೀನ್ ಇದೆ. ಡಿಎನ್‌ಎ ಮೊದಲ ತಟ್ಟೆಯದು, ತೊಗಟೆಯ ಚೂರು ಆಗ ಇನ್ನೂ ಅದರಲ್ಲೇ ಇತ್ತು.

ತಜ್ಞೆ: ಬೂಷ್ಟಿಗೆ ಕ್ಲೋರೊಫಿಲ್ ಏಕೆ ಬೇಕು? ನೀವು ಓದಿಸಿದ್ದು ಮರದ ಡಿಎನ್‌ಎಯನ್ನೂ ಸೇರಿಸಿ. ಐದನೆಯ ತಟ್ಟೆಯಿಂದ ಹೊಸದಾಗಿ ತೆಗೆದು ಮತ್ತೆ ಓದಿಸಿ. ಖರ್ಚಿನ ಮಾತು ಗೈಡ್ ಬಳಿ ಆಡಿ.