ಎರರ್‌ನ ಫೋಟೋ ಹಾಕಿದ ಹುಡುಗನಿಗೆ ಏನು ಹೇಳಬೇಕಿತ್ತು?

ಮಲೆನಾಡಿಗ:
ನಿನ್ನೆ ನಮ್ಮ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕೇಳಿದ್ದ. "ಕನ್ನಡ ಫೈಲ್ ಓದೋಕಾಗ್ತಿಲ್ಲ, ಅರ್ಜೆಂಟ್" ಎಂದು ಬರೆದು, ಮೊಬೈಲಲ್ಲಿ ತೆಗೆದ ಸ್ಕ್ರೀನಿನ ಫೋಟೋ ಹಾಕಿದ್ದ. ಮೊದಲ ಉತ್ತರ, "ಗೂಗಲ್ ಮಾಡು". ಎರಡನೆಯದು, "ಬೇಸಿಕ್ಸ್ ಕಲಿತು ಬಾ". ಅರ್ಧ ಗಂಟೆಯಲ್ಲಿ ಹುಡುಗ ಪ್ರಶ್ನೆಯನ್ನೇ ಅಳಿಸಿಬಿಟ್ಟ. ನನಗೆ ತುಂಬಾ ಬೇಜಾರಾಯಿತು.

ಹಳೇ ಕೀಬೋರ್ಡ್:
ಬೈದದ್ದು ತಪ್ಪು. ಆದರೆ ಆ ಫೋಟೋ ನಾನೂ ನೋಡಿದೆ. ಟ್ಯೂಬ್‌ಲೈಟಿನ ಬೆಳಕು ಬಿದ್ದು ಕೊನೆಯ ಸಾಲು ಕಾಣುತ್ತಲೇ ಇರಲಿಲ್ಲ. ಪೈಥಾನ್ ಏನು ತಪ್ಪಾಯಿತು ಎಂದು ಹೇಳುವುದೇ ಆ ಸಾಲಿನಲ್ಲಿ! ಫೋಟೋದಲ್ಲಿರುವ ಕೋಡನ್ನು ಕಾಪಿ ಮಾಡಿ ಓಡಿಸಿ ನೋಡೋಕಾಗಲ್ಲ. ನಾಳೆ ಇದೇ ತೊಂದರೆ ಬಂದವರು ಹುಡುಕಿದರೂ ಸಿಗಲ್ಲ. ಉತ್ತರ ಕೊಡುವವರು ಕೆಲಸ ಮುಗಿಸಿ ಬಂದು ಬಿಡುವಿನಲ್ಲಿ ಕೂರುವವರು. ಅವರ ಸಮಯಕ್ಕೂ ಬೆಲೆ ಇದೆ ಅಲ್ವಾ?

ಸಂಜೆಮಲ್ಲಿಗೆ:
ಇದೆ ಸರ್. ಆದರೆ ಈ ಮಾತನ್ನು ಅವನಿಗೆ ಯಾರಾದರೂ ಹೇಳಿದರಾ? ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಮೊದಲ ಸಲ ಒಂದು ಕಡೆ ಪ್ರಶ್ನೆ ಕೇಳುವಾಗ ನಾಲ್ಕು ಸಾಲು ಇಂಗ್ಲಿಷ್ ಬರೆಯಲು ಒಂದು ಗಂಟೆ ಹಿಡಿದಿತ್ತು. "ಸ್ಪಷ್ಟವಾಗಿಲ್ಲ" ಎಂದು ಪ್ರಶ್ನೆಯನ್ನೇ ಮುಚ್ಚಿದರು. ಆಮೇಲೆ ಎರಡು ವರ್ಷ ಎಲ್ಲೂ ಬಾಯಿ ಬಿಡಲಿಲ್ಲ. "ಎರರ್ ಅನ್ನು ಫೋಟೋ ಬದಲು ಪೇಸ್ಟ್ ಮಾಡಮ್ಮ" ಎಂದು ಒಬ್ಬರು ಹೇಳಿದ್ದರೂ ಸಾಕಿತ್ತು.

ಕೋಡ್‌ಕಾಫಿ:
ಕೋಡಿಂಗ್ ಪ್ರಶ್ನೋತ್ತರದ ಸೈಟ್ ಸ್ಟ್ಯಾಕ್ ಓವರ್‌ಫ್ಲೋದವರೇ 2018ರಲ್ಲಿ, ಹೊಸಬರಿಗೆ ನಮ್ಮಲ್ಲಿ ಸ್ವಾಗತ ಸಿಗುತ್ತಿಲ್ಲ ಎಂದು ಬರೆದು ಒಪ್ಪಿಕೊಂಡಿದ್ದರು. ಅದೇ ವರ್ಷ ನಡತೆಯ ನಿಯಮಗಳನ್ನೂ ತಂದರು.

ಇನ್ನು ಹುಡುಗನ ಪ್ರಶ್ನೆ. ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ರೀತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಅದನ್ನು ಹೇಳದೆ ಫೈಲ್ ತೆರೆದರೆ ಪೈಥಾನ್ ಸಾಮಾನ್ಯವಾಗಿ ಸಿಪಿ1252 ಎಂಬ, ಕನ್ನಡವಿಲ್ಲದ ಹಳೇ ಎನ್‌ಕೋಡಿಂಗ್ ಹಿಡಿಯುತ್ತದೆ. ನಮ್ಮ ಕೊಂಬು ಇದೆಯಲ್ಲ, "ನು", "ಕು"ವಿನಲ್ಲಿ ಬರುವುದು, ಕನ್ನಡವೂ ಇರುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಅದರ ಕೊನೆಯ ಬೈಟ್ (ಅಂಕಿ) ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ, 81. ಸಿಪಿ1252ರಲ್ಲಿ ಆ ಜಾಗದಲ್ಲಿ ಅಕ್ಷರವೇ ಇಲ್ಲ. ಅಲ್ಲೇ ಎಡವಿರುತ್ತದೆ. ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟರೆ ಆಯಿತು.

ಹಳೇ ಕೀಬೋರ್ಡ್:
ಇದು ಊಹೆ ತಾನೇ? ಫೈಲ್ ಕನ್ನಡ ಟೈಪಿಂಗಿನ ಹಳೇ ನುಡಿ ಫಾಂಟಿನದ್ದಾಗಿದ್ದರೆ ಅದು ಯೂನಿಕೋಡೇ (ಯುಟಿಎಫ್-8 ನಿಂತಿರುವ ಅಕ್ಷರ ವ್ಯವಸ್ಥೆ) ಅಲ್ಲ. ಆಗ ನಿಮ್ಮ ಉತ್ತರ ಹಿಡಿದು ಅವನು ಇಡೀ ರಾತ್ರಿ ಒದ್ದಾಡುತ್ತಾನೆ. ಮೊದಲು ಫೈಲಿನ ಎರಡು ಸಾಲು ಕೇಳಬೇಕಿತ್ತು.

ಕೋಡ್‌ಕಾಫಿ:
ಹೌದು, ನುಡಿ ಹೊಳೆಯಲಿಲ್ಲ. ಕೇಳದೆ ಉತ್ತರ ಕೊಟ್ಟದ್ದು ನನ್ನ ತಪ್ಪು.

ಮಲೆನಾಡಿಗ:
ಹುಡುಗನಿಗೆ ಮೆಸೇಜ್ ಹಾಕಿದೆ. ಪೂರ್ತಿ ಎರರ್, ತಪ್ಪು ಬರುವ ಐದಾರು ಸಾಲು ಕೋಡ್, ಫೈಲಿನ ಎರಡು ಸಾಲು, ಇಷ್ಟನ್ನು ಪೇಸ್ಟ್ ಮಾಡಿ ಮತ್ತೆ ಕೇಳು, ಕನ್ನಡದಲ್ಲೇ ಕೇಳು ಎಂದೆ. ಸರಿಹೋದರೆ ಹೇಗೆ ಸರಿಹೋಯಿತು ಅಂತಲೂ ಬರೆಯಲು ಹೇಳಿದ್ದೇನೆ. ರಾತ್ರಿ ಹಾಕುತ್ತೇನೆ ಅಂದ. ದಯವಿಟ್ಟು ಯಾರಾದರೂ ಆನ್‌ಲೈನ್ ಇರಿ.

ಹಳೇ ಕೀಬೋರ್ಡ್:
ಒಂಬತ್ತರ ಮೇಲೆ ನಾನಿರುತ್ತೇನೆ.