ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗೆ ಬೋರ್ಡಿನಲ್ಲಿ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ನಮ್ಮ ಕಡೆಯ ಸರಕಾರಿ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗಕ್ಕೆ ಕನ್ನಡದಲ್ಲಿ ಕರಪತ್ರ, ಬೋರ್ಡು ಬರೆದುಕೊಡುತ್ತಿದ್ದೇನೆ. ಮನೋವೈದ್ಯರು, ಶುಶ್ರೂಷಾಧಿಕಾರಿ, ಇವೆಲ್ಲ ಸಲೀಸಾಗಿ ಬಂದವು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಹತ್ತಿರ ಬಂದು ನಿಂತುಬಿಟ್ಟೆ.

ಸದ್ಯ ಅವರ ಬಾಗಿಲ ಮೇಲಿರುವುದು 'ಸಮಾಜ ಸೇವಕರು'. ಸಮಾಜ ಸೇವಕರು ಅಂದರೆ ನಮ್ಮೂರಲ್ಲಿ ಯಾರು ಗೊತ್ತಲ್ಲ, ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದು ನಿಂತು ಹುಟ್ಟುಹಬ್ಬದ ಶುಭಾಶಯ ಹೇಳಿಸಿಕೊಳ್ಳುವವರು. ನಾನು ಅಲ್ಲಿ ಕೂತಿದ್ದಾಗಲೇ ಒಬ್ಬ ಅಜ್ಜ ಬೋರ್ಡು ಓದಿಕೊಂಡು ಒಳಗೆ ಬಂದರು. "ಅಮ್ಮಾ, ನಮ್ ಬೀದಿ ಮೋರಿ ಕಟ್ಕೊಂಡು ತಿಂಗಳಾಯ್ತು, ನೀವಾದ್ರೂ ಒಂದ್ ಮಾತು ಹೇಳಿ." ಆಕೆ ನಗಲಿಲ್ಲ. ಕೂರಿಸಿ, ನೀರು ಕೊಟ್ಟು, ಯಾರ ಹತ್ತಿರ ಹೋಗಬೇಕು ಅಂತ ಹೇಳಿ ಕಳಿಸಿದರು.

ನಿಮ್ಮ ಕೆಲಸ ನಿಜಕ್ಕೂ ಏನು ಮೇಡಂ ಅಂತ ಕೇಳಿದೆ. "ಮಾತ್ರೆ ಬರೆಯೋದು ಡಾಕ್ಟ್ರು. ಮಾತ್ರೆ ಯಾಕೆ ನಿಂತುಹೋಯ್ತು ಅಂತ ಹುಡುಕೋದು ನಾನು" ಎಂದರು. ಬಸ್ ಚಾರ್ಜಿಗೆ ದುಡ್ಡಿಲ್ಲದೆ ನಿಂತಿರಬಹುದು, ಮಂಪರು ಜಾಸ್ತಿಯಾಗಿ ಕೂಲಿಗೆ ಹೋಗಲಾಗದೆ ನಿಂತಿರಬಹುದು, ಅತ್ತೆ ಬೇಡ ಅಂದಿರಬಹುದು. ಅದಕ್ಕೆ ಮನೆಗೆ ಹೋಗಬೇಕು, ಮನೆಯವರನ್ನು ಕೂರಿಸಿ ಮಾತಾಡಬೇಕು. ವಾರ್ಡಿನಿಂದ ಮನೆಗೆ ಕಳಿಸುವ ಮೊದಲು ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತ ವಿಚಾರಿಸಬೇಕು. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡು, ಮಾಸಾಶನದ ಕಾಗದಪತ್ರಕ್ಕೂ ಜನ ಅವರ ಹತ್ತಿರವೇ ಬರುತ್ತಾರೆ.

ಇದು ಸುಮ್ನೆ ಒಳ್ಳೆ ಮನಸ್ಸಿದ್ದರೆ ಸಾಕು ಅನ್ನುವ ಕೆಲಸವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಈ ಹೆಸರು ಹಾಕಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯೂ ಮುಗಿಸಿ, ಅದರ ಮೇಲೆ ಎರಡು ವರ್ಷದ ಎಂಫಿಲ್ ಮಾಡಿರಬೇಕು, ಅದರಲ್ಲಿ ರೋಗಿಗಳ ನಡುವಿನ ತರಬೇತಿಯೂ ಸೇರಿರಬೇಕು. ಬಳ್ಳಾರಿಯಲ್ಲಿ 80ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದನ್ನೇ ಮಾದರಿ ಇಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಹಂತಹಂತವಾಗಿ ಉಳಿದ ಕಡೆಗೂ ಹರಡಿತು. ಕೆಲಸ ನಮ್ಮ ಜಿಲ್ಲೆಯಿಂದ ಹೊರಟಿತು, ಹುದ್ದೆಯ ಹೆಸರು ಮಾತ್ರ ಇನ್ನೂ ಜನರ ಬಾಯಿಗೆ ಬಂದಿಲ್ಲ. ಆಸ್ಪತ್ರೆಯವರು ಪಿಎಸ್‌ಡಬ್ಲ್ಯೂ ಅನ್ನುತ್ತಾರೆ. ರೋಗಿಯ ಕಡೆಯವರಿಗೆ 'ಬುದ್ಧಿ ಹೇಳೋ ಮೇಡಂ'.

ಈಗ ಪದಕ್ಕೆ ಬರೋಣ. 'ಆಪ್ತ ಸಮಾಲೋಚಕರು' ನನಗೆ ಇಷ್ಟದ ಮಾತು, ಆದರೆ ಅದು ಕೌನ್ಸೆಲರ್‌ಗೆ ಆಯಿತು. ಮನೆ ಭೇಟಿ, ಮಾಸಾಶನ ಇದ್ಯಾವುದೂ ಅದರೊಳಗೆ ಹಿಡಿಸುವುದಿಲ್ಲ. 'ಸಮಾಜ ಕಾರ್ಯಕರ್ತರು' ಅಂತ ಬಿಡಿಸಿ ಬರೆದರೆ ಪಕ್ಷದ ಕಾರ್ಯಕರ್ತರು, ಹೋರಾಟಗಾರರು ಕಣ್ಣಮುಂದೆ ಬರುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಈ ಓದಿಗೆ 'ಸಮಾಜಕಾರ್ಯ' ಅಂತ ಹೆಸರಿದೆಯಲ್ಲ, ಅದನ್ನು ಹಿಡಿದು 'ಸಮಾಜಕಾರ್ಯಕರ್ತರು' ಅಂತ ಕೂಡಿಸಿ ಬರೆದರೆ ಅರ್ಥ ಸರಿ. ಆದರೆ ಬಾಯಲ್ಲಿ ಹೇಳುವಾಗ ಎರಡೂ ಒಂದೇ, ಅಲ್ವಾ? ಹಾಗಾಗಿ ನನ್ನ ಮನಸ್ಸು 'ಮಾನಸಿಕ ಆರೋಗ್ಯ ಸಮಾಜಕಾರ್ಯ ತಜ್ಞರು' ಕಡೆಗೆ ವಾಲಿದೆ. ಉದ್ದವಾಯಿತು, ಒಪ್ಪುತ್ತೇನೆ.

ಇನ್ನೊಂದು ಉಪಪ್ರಶ್ನೆ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗಳು 'ಕ್ಲಿನಿಕಲ್' ಸೋಷಿಯಲ್ ವರ್ಕರ್. ಅಲ್ಲಿ ಅದಕ್ಕೆ ರಾಜ್ಯದ ಲೈಸೆನ್ಸ್ ಇದೆ, ಅದನ್ನು ಪಡೆದವರು ಸ್ವಂತವಾಗಿಯೇ ಥೆರಪಿ ಕೊಡಬಹುದು. ಸೋಷಿಯಲ್ ವರ್ಕ್ ಅಂದ ಕೂಡಲೇ ಊರಿನ ನೆಂಟರು "ಸಂಬಳ ಕೊಡಲ್ವಾ?" ಅಂತ ಕೇಳಿದರಂತೆ! ಈ ಕ್ಲಿನಿಕಲ್‌ಗೆ 'ಚಿಕಿತ್ಸಾ' ಅಂದರೆ ಸಾಕೇ? ಕ್ಲಿನಿಕಲ್ ಸೈಕಾಲಜಿಗೆ 'ಚಿಕಿತ್ಸಾ ಮನೋವಿಜ್ಞಾನ' ಅನ್ನುವುದನ್ನು ನೋಡಿದ್ದೇನೆ. 'ಚಿಕಿತ್ಸಾ ಸಮಾಜಕಾರ್ಯ' ಅಂದರೆ ಮಾತ್ರ ಸಮಾಜಕ್ಕೇ ಇಂಜೆಕ್ಷನ್ ಚುಚ್ಚಿದ ಹಾಗೆ ಕೇಳುತ್ತದೆ.

ನಿಮ್ಮ ಊರಿನ ಆಸ್ಪತ್ರೆಯಲ್ಲಿ ಏನಂತ ಬರೆದಿದ್ದಾರೆ, ಜನ ಏನಂತ ಕರೆಯುತ್ತಾರೆ, ತಿಳಿಸಿ. ಬುಧವಾರದೊಳಗೆ ಆದರೆ ಒಳ್ಳೆಯದು. ಬೋರ್ಡು ಬರೆಯುವವನು ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾನೆ, ಆದಷ್ಟು ಚಿಕ್ಕದಿರಲಿ.